ಬಿಡಿಭಾಗಕ್ಕೂ ಒಂದು ಜಾತಕ: ಸೇನಾ ವಿಮಾನಗಳ ಮಾರ್ಪಾಡಿನ ಬಗ್ಗೆ ಓದುಗರ ಪ್ರಶ್ನೆಗಳು

ವಾಯುಪಡೆಯ ವಿಮಾನಗಳಿಗೆ ಹೊಸ ಉಪಕರಣ ಅಳವಡಿಸುವ ಕೆಲಸದಲ್ಲಿ ಸಣ್ಣ ಕಾರ್ಖಾನೆಗಳ ಪಾತ್ರವೇನು ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರಲ್ಲಿ ಕೆಲವರು ಇದೇ ಕಸುಬಿನಲ್ಲಿ ಇರುವುದರಿಂದ ಯಾರ ಹೆಸರನ್ನೂ, ಯಾವ ಕಂಪನಿಯ ಹೆಸರನ್ನೂ ಹಾಕಿಲ್ಲ. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳ ಗುಣಮಟ್ಟ ಪರಿಶೀಲನೆಯಲ್ಲಿ ಬಹುಕಾಲ ದುಡಿದವನಾಗಿ, ನನ್ನ ಮೇಜಿನ ಮೇಲೆ ಬಂದುಹೋದ ಸಾಮಾನುಗಳನ್ನು ನೆನೆದುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ.

ಪ್ರಶ್ನೆ: ನಲವತ್ತು ವರ್ಷ ದಾಟಿದ ಜಾಗ್ವಾರ್ ವಿಮಾನಕ್ಕೆ ಹೊಸ ರೇಡಾರು, ಹೊಸ ಗಣಕ ಹಾಕುತ್ತಾರೆಂದು ಓದಿದೆ. ಶಿಥಿಲವಾದ ಮನೆಗೆ ಸುಣ್ಣ ಹೊಡೆದಂತೆ ಕಾಣುತ್ತದೆ. ಹೊಸ ವಿಮಾನವನ್ನೇ ಕೊಳ್ಳಬಾರದೇ? ಇದರಲ್ಲಿ ಸಣ್ಣ ಗುತ್ತಿಗೆದಾರರಿಗೆ ಏನು ಕೆಲಸ?
(ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ವಿಮಾನದ ಒಡಲಿಗೂ ಅದರೊಳಗಿನ ವಿದ್ಯುನ್ಮಾನ ಉಪಕರಣಗಳಿಗೂ ಮುಪ್ಪು ಒಂದೇ ವೇಗದಲ್ಲಿ ಬರುವುದಿಲ್ಲ. ರೆಕ್ಕೆ, ಕವಚ, ಚಕ್ರದ ಕಾಲುಗಳು ಸರಿಯಾದ ಆರೈಕೆಯಲ್ಲಿ ದಶಕಗಳ ಕಾಲ ಬಾಳುತ್ತವೆ; ಆದರೆ ಗುರಿ ಹುಡುಕುವ, ದಾರಿ ತೋರಿಸುವ ಉಪಕರಣಗಳು ಹತ್ತು ಹದಿನೈದು ವರ್ಷಗಳಲ್ಲೇ ಹಳತಾಗಿ, ಅವುಗಳ ಬಿಡಿಭಾಗ ಸಿಗುವುದೂ ನಿಂತುಹೋಗುತ್ತದೆ. ಜಾಗ್ವಾರ್ ನಮ್ಮ ವಾಯುಪಡೆಗೆ ಬಂದದ್ದು 1979ರಲ್ಲಿ. ಅದರ ದಿಕ್ಸೂಚನೆ ಮತ್ತು ದಾಳಿ ವ್ಯವಸ್ಥೆಯನ್ನು ಬದಲಿಸುವ ‘ಡಾರಿನ್’ ಯೋಜನೆ 1980ರ ದಶಕದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡಿತು. ಅದರ ಮೂರನೆಯ ಆವೃತ್ತಿ 2012ರ ನವೆಂಬರ್‌ನಲ್ಲಿ ಮೊದಲ ಬಾರಿ ಹಾರಿತು, ಹೊಸ ರೇಡಾರು ಹೊತ್ತ ವಿಮಾನ 2017ರ ಆಗಸ್ಟ್‌ನಲ್ಲಿ ಹಾರಿತು. ಒಡಲು ಹಳೆಯದೇ ಆದರೂ ಕಣ್ಣು ಮತ್ತು ಮಿದುಳು ಹೊಸವು. ಆದ್ದರಿಂದ ಇದನ್ನು ಸುಣ್ಣ ಹೊಡೆಯುವುದಕ್ಕೆ ಹೋಲಿಸುವುದಕ್ಕಿಂತ, ಗಟ್ಟಿ ಗೋಡೆಯ ತೊಟ್ಟಿಮನೆಗೆ ಹೊಸದಾಗಿ ವಯರಿಂಗ್ ಮಾಡಿಸುವುದಕ್ಕೆ ಹೋಲಿಸಿದರೆ ಹೆಚ್ಚು ಸರಿಯಾದೀತು.

ಸಣ್ಣವರ ಕೆಲಸ ಇಲ್ಲಿಯೇ ಹುಟ್ಟುತ್ತದೆ. ಉಪಕರಣದ ಪೆಟ್ಟಿಗೆ ಬದಲಾದರೆ ಅದು ಕೂರುವ ತಟ್ಟೆ ಬದಲಾಗಬೇಕು, ತಟ್ಟೆಯನ್ನು ಹಿಡಿಯುವ ಬ್ರಾಕೆಟ್ಟು ಬದಲಾಗಬೇಕು, ತಂಪು ಗಾಳಿಯ ಕೊಳವೆಯ ತಿರುವು ಬದಲಾಗಬೇಕು, ಪೆಟ್ಟಿಗೆಯಿಂದ ಕಾಕ್‌ಪಿಟ್‌ವರೆಗಿನ ತಂತಿಗಳ ಕಟ್ಟನ್ನು (ಕಸುಬಿನವರು ಅದನ್ನು ‘ಲೂಮ್’ ಎನ್ನುತ್ತಾರೆ) ಹೊಸದಾಗಿ ಹೆಣೆಯಬೇಕು. ಇಷ್ಟೆಲ್ಲ ಸರಿಯಾಗಿದೆಯೇ ಎಂದು ನೆಲದ ಮೇಲೆ ಪರೀಕ್ಷಿಸಲು ಬೇರೆಯೇ ಒಂದು ಸಾಧನ ಬೇಕು. ಇವುಗಳ ಸಂಖ್ಯೆ ಸಾವಿರಗಳಲ್ಲಿ ಇರುವುದಿಲ್ಲ, ಹತ್ತಿಪ್ಪತ್ತರಲ್ಲಿ ಇರುತ್ತದೆ. ಇಪ್ಪತ್ತು ಬ್ರಾಕೆಟ್ಟಿಗಾಗಿ ದೊಡ್ಡ ಕಾರ್ಖಾನೆ ತನ್ನ ಯಂತ್ರಸಾಲನ್ನು ನಿಲ್ಲಿಸಲಾರದು; ನಾಲ್ಕು ಯಂತ್ರಗಳ ಪೀಣ್ಯದ ಕಾರ್ಖಾನೆ ಆ ಕೆಲಸವನ್ನು ಮನಸ್ಸಿಟ್ಟು ಮಾಡಬಲ್ಲದು.

ಈ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು, ಮತ್ತೆ ಯಾರೂ ಹಾರಿಸಲಾಗದಂತೆ ಕೆಡಿಸಿ, ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಎಚ್‌ಎಎಲ್ ತಂತ್ರಜ್ಞರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು; ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು; ಇಲ್ಲಿ ಅವು ಪೂರ್ಣ ದುರಸ್ತಿ ಕಂಡವು. 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಅವುಗಳಿಂದಲೇ ರಚನೆಯಾಯಿತು. ಗುಜರಿಗೆ ಸೇರಬೇಕಿದ್ದ ಆ ಯಂತ್ರಗಳು 1968ರವರೆಗೆ ಸೇವೆಯಲ್ಲಿದ್ದವು ಎಂಬುದನ್ನು ನೆನೆದಾಗಲೆಲ್ಲ ಆ ಹಿರಿಯರ ಕೈಗಳ ಬಗ್ಗೆ ನನಗೆ ಗೌರವ ಉಕ್ಕುತ್ತದೆ.

ಪ್ರಶ್ನೆ: ಹಳೆಯ ಯುದ್ಧವಿಮಾನವೊಂದಕ್ಕೆ ಹೊಸ ಪೆಟ್ಟಿಗೆ ಕೂರಿಸುವ 24 ಅಲ್ಯುಮಿನಿಯಂ ಬ್ರಾಕೆಟ್‌ಗಳ ಜಾಬ್ ನನಗೆ ದೊಡ್ಡ ಕಂಪನಿಯೊಂದರಿಂದ ಬಂತು. ಅಳತೆಯಲ್ಲಿ ಒಂದೂ ತಪ್ಪಿಲ್ಲ. ಆದರೂ ನನ್ನ ರೂಟ್ ಕಾರ್ಡಿನಲ್ಲಿ (ಜಾಬಿನ ಜೊತೆ ಯಂತ್ರದಿಂದ ಯಂತ್ರಕ್ಕೆ ಸಾಗುವ ದಾಖಲೆ ಚೀಟಿ) ಹೀಟ್ ನಂಬರ್ ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಇಡೀ ಲಾಟ್ ವಾಪಸ್ ಬಂದಿದೆ. ಮಾಲು ಅದೇ, ಅಳತೆ ಅದೇ. ಒಂದು ಸಂಖ್ಯೆಗಾಗಿ ಇಷ್ಟು ನಷ್ಟ ಮಾಡಬಹುದೇ?
(ಸಿಎನ್‌ಸಿ ಕಾರ್ಖಾನೆಯ ಮಾಲೀಕರು, ಪೀಣ್ಯ 2ನೇ ಹಂತ)

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು, ಇಂಥ ಲಾಟ್‌ಗಳನ್ನು ಹಿಂದಕ್ಕೆ ಕಳಿಸಿ, ಎದುರಿಗೆ ನಿಂತ ಮಾಲೀಕರ ಮುಖ ನೋಡಲಾಗದೆ ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬ. ಆದರೂ ಆ ಇನ್‌ಸ್ಪೆಕ್ಟರ್ ಮಾಡಿದ್ದು ಸರಿ ಎಂದೇ ಹೇಳಬೇಕಾಗಿದೆ. ‘ಮಾಲು ಅದೇ’ ಎಂದು ನೀವು ಬರೆದಿದ್ದೀರಿ. ಅದೇ ಎಂಬುದು ನಿಮಗೆ ಗೊತ್ತಿದೆ, ಆದರೆ ಬ್ರಾಕೆಟ್ಟಿಗೆ ಬಾಯಿಲ್ಲ.

ಒಂದು ಕುಲುಮೆಯಲ್ಲಿ ಒಂದೇ ಬಾರಿಗೆ ಕರಗಿಸಿದ ಲೋಹಕ್ಕೆ ಕೊಡುವ ಗುರುತೇ ಹೀಟ್ ನಂಬರ್. ವಿಮಾನಗಳಲ್ಲಿ ಬಹಳವಾಗಿ ಬಳಸುವ 2024 ಮತ್ತು 7075 ಎಂಬ ಎರಡು ಮಿಶ್ರಲೋಹಗಳನ್ನು ಯಂತ್ರದಲ್ಲಿ ಕೊರೆದು ಪಕ್ಕಪಕ್ಕದಲ್ಲಿಟ್ಟರೆ ಎಷ್ಟು ಅನುಭವಿ ಟರ್ನರ್ ಆದರೂ ಕಣ್ಣಿನಿಂದ ಬೇರ್ಪಡಿಸಲಾರ. ಒಂದರಲ್ಲಿ ಮುಖ್ಯವಾಗಿ ಬೆರೆತಿರುವುದು ತಾಮ್ರ, ಇನ್ನೊಂದರಲ್ಲಿ ಸತು. ಅಷ್ಟೇ ಅಲ್ಲ, 7075 ಎಂಬ ಒಂದೇ ಲೋಹವನ್ನು ಎರಡು ಬಗೆಯಲ್ಲಿ ಹದಮಾಡಬಹುದು. ಟಿ6 ಹದದಲ್ಲಿ ಬಲ ಹೆಚ್ಚು, ಆದರೆ ಎಳೆತ ಮತ್ತು ತೇವ ಎರಡೂ ಒಟ್ಟಿಗೆ ಬಿದ್ದಲ್ಲಿ ಕಾಲಕ್ರಮೇಣ ಬಿರುಕು ಬಿಡುವ ಸ್ವಭಾವ ಅದಕ್ಕಿದೆ; ಟಿ73 ಹದದಲ್ಲಿ ಬಲ ಸ್ವಲ್ಪ ಕಡಿಮೆ, ಬಿರುಕಿನ ಭಯವೂ ಕಡಿಮೆ. ಡ್ರಾಯಿಂಗ್ ಮಾಡಿದ ಎಂಜಿನಿಯರ್ ಇವೆರಡರಲ್ಲಿ ಒಂದನ್ನು ಯೋಚಿಸಿಯೇ ಆರಿಸಿರುತ್ತಾರೆ. ಎಂಟು ವರ್ಷಗಳ ನಂತರ ಯಾವುದೋ ವಾಯುನೆಲೆಯಲ್ಲಿ ನಿಮ್ಮ ಬ್ರಾಕೆಟ್ಟೊಂದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಮೊದಲು ಕೇಳುವ ಪ್ರಶ್ನೆ ‘ಇದೇ ಕುಲುಮೆಯ ಲೋಹ ಇನ್ನೆಷ್ಟು ವಿಮಾನಗಳಲ್ಲಿದೆ’ ಎಂಬುದು. ಹೀಟ್ ನಂಬರ್ ಇದ್ದರೆ ಅಂದೇ ಸಂಜೆಯ ಹೊತ್ತಿಗೆ ಆ ವಿಮಾನಗಳ ಪಟ್ಟಿ ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಆ ಬಗೆಯ ಎಲ್ಲ ವಿಮಾನಗಳನ್ನೂ ನೆಲಕ್ಕೆ ಇಳಿಸಿ ಪರೀಕ್ಷಿಸಬೇಕು, ಇಲ್ಲವೇ ಗೊತ್ತಿಲ್ಲದೆ ಹಾರಿಸಬೇಕು. ಆ ಕಾಗದ ಬಿಡಿಭಾಗದ ಜಾತಕವಿದ್ದಂತೆ. ವಿಮಾನದ ಮಟ್ಟಿಗೆ ಜಾತಕವಿಲ್ಲದ ಭಾಗ ಇನ್ನೂ ಹುಟ್ಟಿಯೇ ಇಲ್ಲ.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ಆ 24ನ್ನು ಗುಜರಿಗೆ ಹಾಕಬೇಡಿ, ಹಿಂದಿನ ದಿನಾಂಕ ಹಾಕಿ ಕಾರ್ಡನ್ನು ತಿದ್ದುವ ಕೆಲಸವನ್ನಂತೂ ಕನಸಿನಲ್ಲಿಯೂ ಮಾಡಬೇಡಿ. ಈ ವ್ಯವಹಾರದಲ್ಲಿ ಅಳತೆ ತಪ್ಪಿದವರಿಗೆ ಕ್ಷಮೆಯಿದೆ, ಕಾಗದ ತಿದ್ದಿದವರಿಗೆ ಇಲ್ಲ. ಬ್ರಾಕೆಟ್‌ಗಳನ್ನು ಬೇರೆಯಾಗಿ ಕಟ್ಟಿ, ‘ಹೋಲ್ಡ್’ ಚೀಟಿ ಅಂಟಿಸಿ ಇಡಿ. ಅದೇ ಸರಳಿನ ಉಳಿದ ತುಂಡಿನ ಮೇಲೆ ಗಿರಣಿಯ (ಲೋಹ ತಯಾರಿಸಿದ ಕಾರ್ಖಾನೆಯ) ಗುರುತು ಇದ್ದರೆ, ಆ ತುಂಡನ್ನೂ ಒಂದು ಬ್ರಾಕೆಟ್ಟನ್ನೂ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ರಾಸಾಯನಿಕ ವಿಶ್ಲೇಷಣೆ ಮಾಡಿಸಿ, ಎಲ್ಲ ಬ್ರಾಕೆಟ್‌ಗಳ ಗಡಸುತನ ಮತ್ತು ವಿದ್ಯುದ್ವಾಹಕತೆಯನ್ನು ಅಳೆಸಿ. ಟಿ6 ಮತ್ತು ಟಿ73 ಹದಗಳ ವಾಹಕತೆ ಬೇರೆಬೇರೆ ಇರುವುದರಿಂದ ಈ ಅಳತೆ ತುಂಬ ಉಪಯುಕ್ತ. ಫಲಿತಾಂಶಗಳೊಂದಿಗೆ, ಆದ ತಪ್ಪನ್ನು ಇದ್ದದ್ದು ಇದ್ದಂತೆ ಬರೆದು, ‘ಕನ್ಸೆಷನ್’ (ಕೊರತೆಯಿದ್ದರೂ ಬಳಸಲು ಕೊಡುವ ವಿಶೇಷ ಒಪ್ಪಿಗೆ) ಕೋರಿ ಅರ್ಜಿ ಕೊಡಿ. ಒಪ್ಪುವುದು, ಬಿಡುವುದು ವಿನ್ಯಾಸದ ಹೊಣೆ ಹೊತ್ತವರಿಗೆ ಸೇರಿದ್ದು, ನಿಮಗೂ ಅಲ್ಲ, ಇನ್‌ಸ್ಪೆಕ್ಟರಿಗೂ ಅಲ್ಲ.

ಮುಂದಿನ ಜಾಬಿಗೆ ಒಂದು ಅಭ್ಯಾಸ ಮಾಡಿಸಿ. ಗಿರಣಿಯ ಗುರುತು ಸಾಮಾನ್ಯವಾಗಿ ಸರಳಿನ ಒಂದು ತುದಿಯಲ್ಲಿ ಒತ್ತಿರುತ್ತದೆ. ನಿಮ್ಮ ಹುಡುಗರು ಯಾವಾಗಲೂ ಗುರುತಿಲ್ಲದ ತುದಿಯಿಂದಲೇ ಕತ್ತರಿಸಲಿ. ಕೊನೆಯ ಗೇಣುದ್ದದ ತುಂಡು ಉಳಿದಾಗಲೂ ಅದರ ಮೇಲೆ ಹೀಟ್ ನಂಬರ್ ಇರುತ್ತದೆ. ಕತ್ತರಿಸಿದ ಪ್ರತಿ ತುಂಡನ್ನೂ ಯಂತ್ರಕ್ಕೆ ಏರಿಸುವ ಮೊದಲೇ ಆ ಸಂಖ್ಯೆ ಬರೆದ ಚೀಟಿಯೊಂದಿಗೆ ತಟ್ಟೆಯಲ್ಲಿಡಲಿ. ರೂಟ್ ಕಾರ್ಡಿನ ಮೊದಲ ಸಾಲಿನಲ್ಲೇ ಹೀಟ್ ನಂಬರಿನ ಜಾಗ ಅಚ್ಚು ಹಾಕಿಸಿ. ಅದು ಖಾಲಿ ಇದ್ದರೆ ಮುಂದಿನ ಯಂತ್ರದವನು ಜಾಬ್ ಮುಟ್ಟಬಾರದು.

ಪ್ರಶ್ನೆ: ಒಂದು ಸಣ್ಣ ಪೆಟ್ಟಿಗೆಯನ್ನು ವಿಮಾನದಲ್ಲಿ ಅಳವಡಿಸಲು ವರ್ಷಗಟ್ಟಲೆ ಅನುಮತಿ ಬೇಕಾಗುತ್ತದೆ ಎನ್ನುತ್ತಾರೆ. ಇದು ಕೇವಲ ಸರ್ಕಾರಿ ವಿಳಂಬವಲ್ಲವೇ?
(ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ವಿಳಂಬವೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ಮೊದಲು ಒಂದು ಲೆಕ್ಕ ಮಾಡಿ. 10 ಕಿಲೋ ತೂಕದ ಪೆಟ್ಟಿಗೆಯನ್ನು ವಿಮಾನದ ಗುರುತ್ವ ಕೇಂದ್ರದಿಂದ 4 ಮೀಟರ್ ಹಿಂದೆ ಇಟ್ಟಿರಿ ಎನ್ನೋಣ. ಬಾಲ ಭಾರವಾಯಿತು. ಅದನ್ನು ಸರಿದೂಗಿಸಲು 5 ಮೀಟರ್ ಮುಂದೆ, ಮೂತಿಯಲ್ಲಿ, 8 ಕಿಲೋ ತೂಕ ಕಟ್ಟಬೇಕು. 10 ಕಿಲೋ ಉಪಕರಣಕ್ಕಾಗಿ ವಿಮಾನ 18 ಕಿಲೋ ಹೊರಬೇಕಾಯಿತು. ಇನ್ನು ಪೈಲಟ್ ತಟ್ಟನೆ ತಿರುಗಿಸಿ 6 ಜಿ ಬಲ (ಭೂಮಿಯ ಸೆಳೆತದ ಆರು ಪಟ್ಟು) ಬಿದ್ದರೆ, ಆ 10 ಕಿಲೋ ಪೆಟ್ಟಿಗೆ ತನ್ನ ನಾಲ್ಕು ಬೋಲ್ಟ್‌ಗಳನ್ನು 60 ಕಿಲೋ ಭಾರದಂತೆ ಜಗ್ಗುತ್ತದೆ. ಅದು ವಿದ್ಯುತ್ತನ್ನು ಎಲ್ಲಿಂದ ಪಡೆಯುತ್ತದೆ, ಬಿಸಿಯನ್ನು ಎಲ್ಲಿಗೆ ಬಿಡುತ್ತದೆ, ಪಕ್ಕದ ರೇಡಿಯೊಗೆ ಅಡ್ಡಿ ಮಾಡುತ್ತದೆಯೇ, ಗಂಟೆಗಟ್ಟಲೆ ಕಂಪನದಲ್ಲಿ ಅದರ ಸ್ಕ್ರೂ ಸಡಿಲವಾಗುತ್ತದೆಯೇ, ಕರಾವಳಿಯ ಉಪ್ಪುಗಾಳಿಗೆ ಅದರ ಕನೆಕ್ಟರ್ ತುಕ್ಕು ಹಿಡಿಯುತ್ತದೆಯೇ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ನಮ್ಮಲ್ಲಿ ಸೇನಾ ವಿಮಾನಗಳ ಹಾರಾಟಯೋಗ್ಯತೆಯನ್ನು ಪ್ರಮಾಣೀಕರಿಸುವುದು ಬೆಂಗಳೂರಿನ ಮಾರತ್ತಹಳ್ಳಿಯಲ್ಲಿರುವ ಸೆಮಿಲ್ಯಾಕ್ ಸಂಸ್ಥೆ. ತಯಾರಿಕೆಯ ಗುಣಮಟ್ಟವನ್ನು ಕಾಯುವುದು ಡಿಜಿಎಕ್ಯೂಎ. ಇಬ್ಬರೂ ಅನುಸರಿಸುವ ನಿಯಮಾವಳಿ ಈಗ ‘ಇಮ್‌ಟಾರ್-21’. ವಿನ್ಯಾಸ ಒಬ್ಬರದು, ತಯಾರಿಕೆ ಇನ್ನೊಬ್ಬರದು, ತಪಾಸಣೆ ಮತ್ತೊಬ್ಬರದು ಎಂಬ ಈ ವಿಂಗಡಣೆ ಬೇಕೆಂದೇ ಮಾಡಿದ್ದು.

ಮಾರ್ಪಾಡು ಎಷ್ಟು ಗಂಭೀರ ಸಂಗತಿಯೆಂಬುದಕ್ಕೆ ನಮ್ಮದೇ ನೋವಿನ ಉದಾಹರಣೆಯಿದೆ. ಆಕಾಶದಿಂದ ಮುನ್ನೆಚ್ಚರಿಕೆ ನೀಡುವ ರೇಡಾರಿನ ಪ್ರಯೋಗಕ್ಕಾಗಿ ಎಚ್‌ಎಸ್-748 ಎಂಬ ಸಾರಿಗೆ ವಿಮಾನದ ಬೆನ್ನ ಮೇಲೆ ತಟ್ಟೆಯಾಕಾರದ ದೊಡ್ಡ ಗುಮ್ಮಟವನ್ನು ಕೂರಿಸಲಾಗಿತ್ತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಹಾರಾಟದಲ್ಲಿದ್ದಾಗ ಆ ಗುಮ್ಮಟ ಕಳಚಿಕೊಂಡು ವಿಮಾನ ಪತನವಾಯಿತು. ನಾಲ್ವರು ವಿಜ್ಞಾನಿಗಳು, ವಾಯುಪಡೆಯ ನಾಲ್ವರು, ಒಟ್ಟು ಎಂಟು ಮಂದಿ ತೀರಿಕೊಂಡರು. ಯೋಜನೆ ನಿಂತುಹೋಯಿತು. ಆ ಪ್ರಯೋಗ ನಡೆಸಿದ್ದ ಬೆಂಗಳೂರಿನ ಪ್ರಯೋಗಾಲಯ, ಸಿಎಬಿಎಸ್, ಮುಂದೆ ಹೊಸದಾಗಿ ಆರಂಭಿಸಿ, ಎಂಬ್ರಾಯರ್-145 ವಿಮಾನದ ಬೆನ್ನ ಮೇಲೆ ಉದ್ದನೆಯ ಸ್ಥಿರ ಆಂಟೆನಾ ಕೂರಿಸಿ ‘ನೇತ್ರ’ ಎಂಬ ಮುನ್ನೆಚ್ಚರಿಕೆ ವಿಮಾನವನ್ನು ಸಿದ್ಧಪಡಿಸಿತು. ಅದು ವಾಯುಪಡೆಗೆ ಸೇರಿದ್ದು 2017ರ ಫೆಬ್ರುವರಿಯಲ್ಲಿ, ಯಲಹಂಕದಲ್ಲಿ. ನಡುವಿನ 18 ವರ್ಷಗಳನ್ನು ಬರಿಯ ವಿಳಂಬವೆಂದು ಕರೆಯಲು ನನಗೆ ಮನಸ್ಸು ಬಾರದು.

ಬ್ರಿಟನ್ನಿನ ನಿಮ್ರಾಡ್ ವಿಮಾನದ ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. 1969ರ ಮೂಲ ವಿನ್ಯಾಸದಲ್ಲಿಯೇ ಬಿಸಿ ಗಾಳಿಯ ಕೊಳವೆಯೊಂದು ಇಂಧನ ತೊಟ್ಟಿಯ ಹತ್ತಿರ ಹಾದುಹೋಗಿತ್ತು. ಹತ್ತು ವರ್ಷದ ನಂತರ ಹೆಚ್ಚುವರಿ ತಂಪುಯಂತ್ರಕ್ಕಾಗಿ ಆ ಕೊಳವೆಯನ್ನು ಮುಂದುವರಿಸಲಾಯಿತು. 1982ರ ಫಾಕ್ಲೆಂಡ್ ಯುದ್ಧದ ತುರ್ತಿನಲ್ಲಿ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ವ್ಯವಸ್ಥೆಯನ್ನು ಅವಸರವಸರವಾಗಿ ಸೇರಿಸಲಾಯಿತು. ಪ್ರತಿಯೊಂದು ಮಾರ್ಪಾಡಿಗೂ ಅದರದೇ ಕಾರಣವಿತ್ತು. ಮೂರೂ ಒಂದೇ ಕಡೆ ಕೂಡಿದಾಗ ಏನಾಗಬಹುದೆಂಬುದನ್ನು ಮಾತ್ರ ಸರಿಯಾಗಿ ಯಾರೂ ನೋಡಲಿಲ್ಲ. 2006ರ ಸೆಪ್ಟೆಂಬರ್ 2ರಂದು ಅಫ್ಘಾನಿಸ್ತಾನದ ಕಂದಹಾರ್ ಬಳಿ, ಆಕಾಶದಲ್ಲಿ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ವಿಮಾನಕ್ಕೆ ಬೆಂಕಿ ಹತ್ತಿ 14 ಮಂದಿ ಸತ್ತರು. ಚಾರ್ಲ್ಸ್ ಹ್ಯಾಡನ್-ಕೇವ್ ಅವರ ವಿಚಾರಣಾ ವರದಿ 2009ರಲ್ಲಿ ಬಂದ ಮೇಲೆ, ಆ ದೇಶ ಮರುವರ್ಷವೇ ಸೇನಾ ವಿಮಾನಗಳಿಗೆ ಪ್ರತ್ಯೇಕ ಹಾರಾಟಯೋಗ್ಯತಾ ಪ್ರಾಧಿಕಾರವನ್ನು ಸ್ಥಾಪಿಸಿತು. ನಿಮ್ಮ ಸಣ್ಣ ಪೆಟ್ಟಿಗೆಗೆ ಅನುಮತಿ ಕೊಡುವವರು ಪೆಟ್ಟಿಗೆಯೊಂದನ್ನೇ ನೋಡಿದರೆ ಸಾಲದು. ಅದರ ಸುತ್ತ ಈಗಾಗಲೇ ಏನೇನಿದೆ ಎಂಬುದನ್ನೂ ನೋಡಬೇಕು, ಸಮಯ ಹಿಡಿಯುವುದು ಅದಕ್ಕೇ.

ಪ್ರಶ್ನೆ: ನಾನು ವಿಮಾನದ ಲೂಮ್ ಮಾಡುವ ಘಟಕದಲ್ಲಿ ಮೂರು ವರ್ಷದಿಂದ ಇದ್ದೇನೆ. ತಂತಿಯ ಸಿಪ್ಪೆ ತೆಗೆಯುವಾಗ ಒಂದು ಎಳೆ ತುಂಡಾದರೂ ಕತ್ತರಿಸಿ ಮತ್ತೆ ಮಾಡು ಎನ್ನುತ್ತಾರೆ. ಹತ್ತೊಂಬತ್ತು ಎಳೆಗಳಲ್ಲಿ ಒಂದು ಹೋದರೆ ಏನಾಗುತ್ತದೆ? ಪ್ರತಿ ಕನೆಕ್ಟರಿಗೂ ಸಹಿ ಹಾಕಬೇಕು. ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ.
(ಉದ್ಯೋಗಸ್ಥ ಮಹಿಳೆ, ದೊಡ್ಡಬಳ್ಳಾಪುರ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಎಳೆ ಕಡಿಮೆಯಾದರೆ ಕರೆಂಟ್ ಹರಿಯುವುದಕ್ಕೆ ದೊಡ್ಡ ತೊಂದರೆಯಿಲ್ಲ, ಅದು ನಿಜ. ತೊಂದರೆ ಇರುವುದು ಕಂಪನದಲ್ಲಿ. ತಂತಿ ಕ್ರಿಂಪ್‌ನ (ತಂತಿಯ ತುದಿಯನ್ನು ಅದುಮಿ ಹಿಡಿಯುವ ಲೋಹದ ಕೊಳವೆ) ಒಳಹೋಗುವ ಜಾಗದಲ್ಲೇ ಅದು ಅತಿ ಹೆಚ್ಚು ಬಾಗುತ್ತದೆ; ಅಲ್ಲಿ ಒಂದು ಎಳೆ ತುಂಡಾಗಿದ್ದರೆ ಅದರ ಪಾಲಿನ ಭಾರ ಪಕ್ಕದ ಎಳೆಗಳ ಮೇಲೆ ಬಿದ್ದು, ಅವೂ ಒಂದೊಂದಾಗಿ ಹೋಗುತ್ತವೆ. ಜೊತೆಗೆ, ತುಂಡಾದ ಆ ಕೂದಲಿನಂಥ ಎಳೆ ಎಲ್ಲಿಗೆ ಬಿತ್ತು ಎಂಬ ಪ್ರಶ್ನೆಯೂ ಇದೆ. ಅದು ಕನೆಕ್ಟರಿನೊಳಗೆ ಎರಡು ಪಿನ್‌ಗಳ ನಡುವೆ ಕುಳಿತರೆ ನೆಲದ ಮೇಲಿನ ಪರೀಕ್ಷೆಯಲ್ಲಿ ಕಾಣದೆ, ಆಕಾಶದಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು.

ತಂತಿಯ ದೋಷ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಾಗರಿಕ ವಿಮಾನವೊಂದರ ಸಂಗತಿಯನ್ನು ಹೇಳುತ್ತೇನೆ. 1998ರ ಸೆಪ್ಟೆಂಬರ್ 2ರಂದು ಕೆನಡಾದ ನೋವಾ ಸ್ಕೋಶಿಯಾ ಕರಾವಳಿಯಲ್ಲಿ ಸ್ವಿಸ್‌ಏರ್ 111 ವಿಮಾನ ಸಮುದ್ರಕ್ಕೆ ಬಿದ್ದು 229 ಮಂದಿ ಸತ್ತರು. ಕಾಕ್‌ಪಿಟ್‌ನ ಮೇಲ್ಭಾಗದಲ್ಲಿ ತಂತಿಯೊಂದರಲ್ಲಿ ಕಿಡಿ ಹಾರಿ, ಸುತ್ತಲಿನ ಹೊದಿಕೆಗೆ ಬೆಂಕಿ ಹತ್ತಿತ್ತು. ಪ್ರಯಾಣಿಕರ ಮನರಂಜನೆಗೆಂದು ಆಮೇಲೆ ಸೇರಿಸಿದ ಉಪಕರಣದ ತಂತಿಯೂ ಅದರಲ್ಲಿ ಭಾಗಿಯಾಗಿದ್ದಿರುವ ಸಾಧ್ಯತೆ ಹೆಚ್ಚೆಂದು ತನಿಖೆ ಕಂಡುಕೊಂಡಿತು.

ಸಹಿಯ ವಿಷಯ. ನೀವು ಕ್ರಿಂಪ್ ಮಾಡಿದ ಉಪಕರಣದ ಸಂಖ್ಯೆ, ಅದನ್ನು ಗೇಜಿನಿಂದ ಪರೀಕ್ಷಿಸಿದ ದಿನಾಂಕ, ನಿಮ್ಮ ಸಹಿ ಈ ಮೂರೂ ಒಂದೇ ಸಾಲಿನಲ್ಲಿರಬೇಕು. ಮುಂದೊಂದು ದಿನ ಆ ಉಪಕರಣ ಸವೆದಿರುವುದು ಗೊತ್ತಾದರೆ ಅದರಿಂದ ಮಾಡಿದ ಕ್ರಿಂಪ್‌ಗಳನ್ನೆಲ್ಲ ಹುಡುಕಿ ತೆಗೆಯಲು ಆ ಸಾಲೇ ಆಧಾರ, ಮತ್ತು ತಪ್ಪು ಉಪಕರಣದ್ದೇ ಹೊರತು ನಿಮ್ಮದಲ್ಲ ಎಂದು ಹೇಳುವುದೂ ಅದೇ ಸಾಲು. ಆದರೆ ನೀವು ಮಾಡಿದ್ದನ್ನು ನೀವೇ ಅಂತಿಮವಾಗಿ ತಪಾಸಣೆ ಮಾಡಿ ಎಂದು ಹೇಳಿದರೆ ಒಪ್ಪಬೇಡಿ. ತಪಾಸಣೆಯ ಸಹಿ ಬೇರೆಯವರದ್ದಾಗಿರಬೇಕು. ಕಣ್ಣಿನ ಉರಿಯನ್ನು ಸಣ್ಣ ವಿಷಯವೆಂದು ಸಹಿಸಿಕೊಂಡು ಕೂರಬೇಡಿ. ಮೇಜಿಗೆ ನೇರ ಬೆಳಕು, ದೀಪ ಅಳವಡಿಸಿದ ಭೂತಗನ್ನಡಿ, ನಡುನಡುವೆ ಬಿಡುವು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇವನ್ನು ಕೇಳಿ ಪಡೆಯಿರಿ. ದಣಿದ ಕಣ್ಣಿಗೆ ತುಂಡಾದ ಎಳೆ ಕಾಣುವುದಿಲ್ಲವಾದ್ದರಿಂದ, ಇದು ನಿಮ್ಮ ಸೌಕರ್ಯದ ಪ್ರಶ್ನೆಯಷ್ಟೇ ಅಲ್ಲ, ಆ ವಿಮಾನದಲ್ಲಿ ಕೂರುವವರ ಪ್ರಶ್ನೆಯೂ ಹೌದು.

ಪ್ರಶ್ನೆ: ಮಾಲು ಕೊಟ್ಟು ಐದು ತಿಂಗಳಾದರೂ ಹಣ ಬಂದಿಲ್ಲ. ಕೇಳಿದರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯ. ಏನು ಮಾಡಲಿ?
(ಸಣ್ಣ ಉದ್ಯಮಿ, ಬೆಳಗಾವಿ)

ಉತ್ತರ: 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದ ಏನೇ ಇರಲಿ, ಮಾಲು ಸ್ವೀಕರಿಸಿದ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸೇರಿಸಬೇಕು. ಅವಧಿ ಮೀರಿ ಉಳಿಸಿಕೊಂಡ ಹಣವನ್ನು ಕೊಳ್ಳುವ ಕಂಪನಿ ಆ ವರ್ಷದ ವೆಚ್ಚವೆಂದು ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ಅವರ ಲೆಕ್ಕಪತ್ರ ವಿಭಾಗಕ್ಕೆ ನಿಮ್ಮ ಉದ್ಯಮ್ ಸಂಖ್ಯೆಯನ್ನು ನಮೂದಿಸಿ ಸೌಜನ್ಯದ ಪತ್ರ ಬರೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಹಣ ಬರುತ್ತದೆ. ಬಾರದಿದ್ದರೆ, ಬಾಕಿ ಹಣದ ದೂರುಗಳನ್ನು ವಿಚಾರಿಸುವ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಮುಂದಿನ ಕೊಟೇಶನ್‌ನಲ್ಲಿ ಇನ್ನೊಂದು ಬದಲಾವಣೆ ಮಾಡಿ: ಮೊದಲ ನಮೂನೆಯ ಪೂರ್ಣ ತಪಾಸಣೆ, ಫಿಕ್ಸ್ಚರ್ (ಜಾಬನ್ನು ಯಂತ್ರದಲ್ಲಿ ಹಿಡಿದಿಡುವ ಸಾಧನ), ಪ್ರಯೋಗಾಲಯದ ಶುಲ್ಕ ಇವನ್ನು ಬಿಡಿಭಾಗದ ದರದೊಳಗೆ ಅಡಗಿಸದೆ ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಹನ್ನೆರಡು ಬಿಡಿಭಾಗಗಳ ಆರ್ಡರಿನಲ್ಲಿ ಈ ಖರ್ಚೇ ಅರ್ಧಕ್ಕಿಂತ ಹೆಚ್ಚಾಗಬಹುದು, ಮತ್ತು ಅದನ್ನು ಕೇಳಲು ಸಂಕೋಚಪಟ್ಟ ಎಷ್ಟೋ ಒಳ್ಳೆಯ ಕಾರ್ಖಾನೆಗಳು ಈ ಕೆಲಸವನ್ನೇ ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮಗ ಐಟಿಐ ಫಿಟರ್ ಮುಗಿಸಿದ್ದಾನೆ. ವಿಮಾನದ ಕೆಲಸಕ್ಕೆ ಸೇರಬೇಕೆಂಬ ಆಸೆ. ಇನ್ನೇನು ಕಲಿಯಬೇಕು?
(ಒಬ್ಬ ತಂದೆ, ತುಮಕೂರು)

ಉತ್ತರ: ಅವಕಾಶವಿದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಆದೇಶವಾದ ಮೇಲೆ ರೆಕ್ಕೆ, ನಡುವಿನ ಒಡಲು, ಹಿಂಬದಿಯ ಒಡಲುಗಳನ್ನು ಖಾಸಗಿ ಕಂಪನಿಗಳು ಮಾಡತೊಡಗಿವೆ. ಅವುಗಳಿಗೆ ಭಾಗ ಒದಗಿಸುವ ಸಣ್ಣ ಕಾರ್ಖಾನೆಗಳಿಗೆ ಒಳ್ಳೆಯ ಫಿಟರ್‌ಗಳು ಬೇಕು. ಡ್ರಾಯಿಂಗ್ ಓದುವುದು, ಅದರಲ್ಲೂ ಜ್ಯಾಮಿತೀಯ ಅಳತೆಯ ಚಿಹ್ನೆಗಳು, ಮೈಕ್ರೋಮೀಟರ್ ಮತ್ತು ಡಯಲ್ ಗೇಜ್ ಬಳಕೆ, ರಿವೆಟ್ ಹೊಡೆಯುವುದು, ಇಂಗ್ಲಿಷಿನಲ್ಲಿ ತಪಾಸಣಾ ವರದಿಯನ್ನು ಸ್ಪಷ್ಟವಾಗಿ ತುಂಬುವುದು ಇಷ್ಟನ್ನು ಮೊದಲು ಕಲಿಯಲಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಅಲ್ಪಾವಧಿ ಕೋರ್ಸ್‌ಗಳನ್ನು ವಿಚಾರಿಸಿ, ಅಪ್ರೆಂಟಿಸ್ ಆಗಿ ಒಂದು ವರ್ಷ ಕಳೆಯಲಿ. ಸಂದರ್ಶನಕ್ಕೆ ಬಂದ ಹುಡುಗರ ಕೈಗೆ ನಾನು ರಂಧ್ರ ಕೊರೆದ ಒಂದು ತಗಡಿನ ತುಂಡು ಕೊಡುತ್ತಿದ್ದೆ. ಕೆಲವರು ಒಡನೆಯೇ ಅಳತೆ ತೆಗೆಯಲು ಹೊರಡುತ್ತಿದ್ದರು. ಕೆಲವರು ಮೊದಲು ರಂಧ್ರದ ಅಂಚಿನ ಮೇಲೆ ಉಗುರು ಆಡಿಸಿ, ‘ಸರ್, ಇಲ್ಲಿ ಬರ್ ಉಳಿದಿದೆ’ ಎನ್ನುತ್ತಿದ್ದರು. ಆ ಚೂಪಾದ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ ಎಂಬುದು ಎರಡನೆಯವರಿಗೆ ಗೊತ್ತಿರುತ್ತಿತ್ತು. ಅಂಥವರನ್ನು ನಾನು ಆರಿಸಿಕೊಳ್ಳುತ್ತಿದ್ದೆ.